ಬಟ್ಟಲಿನ ಒಳಮೈ

ನಡುಮನೆಯ ಫ್ಯಾನು ಸದ್ದು ಮಾಡಿ ನಿಲ್ಲಲಿಲ್ಲ. ವಯಸ್ಸಾದವರು ಮಾತಿನ ನಡುವೆ ಏನು ಹೇಳಹೊರಟಿದ್ದೆವೆಂಬುದನ್ನು ಮರೆತು ಮೆಲ್ಲಗೆ ಸುಮ್ಮನಾಗುವ ಹಾಗೆ, ಸುತ್ತಿನಿಂದ ಸುತ್ತಿಗೆ ನಿಧಾನವಾಗುತ್ತ ಬಂದು, ಕೊನೆಯ ಸುತ್ತನ್ನು ಅರ್ಧಕ್ಕೇ ಬಿಟ್ಟಿತು. ಪತ್ರಿಕೆಯ ಹಾಳೆ ಹಾರದಿರಲೆಂದು ಮೇಲಿಟ್ಟಿದ್ದ ಕನ್ನಡಕದ ಡಬ್ಬಿಗೆ ಇದ್ದಕ್ಕಿದ್ದಂತೆ ಕೆಲಸವಿಲ್ಲದಾಯಿತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು.

ಅಡುಗೆಮನೆಯಿಂದ ಬಂದ ಹೆಂಡತಿ ಕತ್ತೆತ್ತಿ ನೋಡಿದರು. "ಮುಗೀತು ರೀ ಅದರ ಕತೆ. ಕಾಯಿಲ್ ಸುಟ್ಟಿದೆ. ಇಳಿಸಿಬಿಡೋಣ. ನನ್ನ ತಮ್ಮನ ಮನೇಲಿ ಹೊಸ ಫ್ಯಾನು ಡಬ್ಬದಲ್ಲೇ ಕೂತಿದೆ. ಫೋನ್ ಮಾಡ್ತೀನಿ, ಏಣಿ ತಂದು ಹತ್ತು ನಿಮಿಷಕ್ಕೆ ಇಳಿಸಿ ಹೋಗ್ತಾನೆ."

ಕಾಯಿಲ್ ಎಂಬ ಮಾತು ಇವಳ ಬಾಯಿಗೆ ಎಲ್ಲಿಂದ ಬಂತು ಎಂದು ಯೋಚಿಸುವ ಸ್ಥಿತಿಯಲ್ಲಿ ಗಂಡ, ಊರಿಗೆಲ್ಲ ವಾಚಿನವರು, ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಹೆಗಲಿನ ತನಕ ಕೈ ಒಯ್ಯದೆ ಕುರ್ಚಿಯಿಂದಲೇ ಎದ್ದು ನಿಂತುಬಿಟ್ಟರು.

"ಅವನು ಅದನ್ನ ಮುಟ್ಟಕೂಡದು. ಹಾಕಿದವನು ನಾನು, ಇಳಿಸುವವನೂ ನಾನೇ."

"ನೀವಾ? ಸ್ಟೂಲ್ ಹತ್ತಿದ್ರೆ ತಲೆ ತಿರುಗುತ್ತೆ ಅಂತೀರಿ, ಏಣಿ ಹತ್ತೋರು ನೀವಾ?"

"ಮೂವತ್ತೊಂದು ವರ್ಷದ ಹಿಂದೆ ಹತ್ತಿರಲಿಲ್ವಾ?"

ಹೆಂಡತಿ ಏನನ್ನೋ ಹೇಳಲು ಬಾಯಿ ತೆರೆದವರು ಅದನ್ನು ಅಲ್ಲೇ ನುಂಗಿಕೊಂಡು, "ಹೂಂ, ಹತ್ತಿದ್ರಲ್ಲ," ಎಂದು ಒಳಗೆ ಹೋದರು.

ಬಸ್ ನಿಲ್ದಾಣದ ಎದುರಿಗೆ, ಒಬ್ಬ ಮನುಷ್ಯನೂ ಒಂದು ಮೇಜೂ ಹಿಡಿಸುವಷ್ಟೇ ಅಗಲದ ಗೂಡಿನಲ್ಲಿ ನಲವತ್ತು ವರ್ಷ ಕೂತು ಊರಿನ ಗಡಿಯಾರಗಳನ್ನು ರಿಪೇರಿ ಮಾಡಿದವರು ಅವರು. ಅಂಗಡಿ ಮುಚ್ಚಿದ ಮೇಲೂ ಹೆಸರು ವಾಚಿನವರು ಎಂದೇ ಉಳಿದಿತ್ತು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದ ತುದಿಯಲ್ಲಿ ಹಿಡಿದು ಉಸಿರು ಬಿಗಿಹಿಡಿದರೆ ಅವರ ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಆದರೆ ಅವರ ಲೋಕವೆಲ್ಲ ಕಣ್ಣಿನಿಂದ ಒಂದು ಗೇಣು ಕೆಳಗೆ, ಮೇಜಿನ ಮೇಲೆ ಹಾಸಿದ ಬಿಳಿಯ ಬಟ್ಟೆಯಷ್ಟೇ. ತಲೆಯ ಮೇಲೆ ಏನಿದೆಯೆಂದು ಅವರು ಕೇಳಿಕೊಂಡದ್ದು ಜೀವನದಲ್ಲಿ ಒಂದೇ ಸಲ, ಅದೂ ಭಾವಮೈದುನನ ಬಾಯಿಯಿಂದಾಗಿ.

ಭಾವಮೈದುನ ಬಸ್ ಕಂಡಕ್ಟರು. ಐವತ್ತು ಜನ ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರನಿಗೆ ಕೇಳುವ ಹಾಗೆ ಮಾತಾಡಿ ಅಭ್ಯಾಸ. ಅಕ್ಕನ ಮನೆಯ ಪುಟ್ಟ ನಡುಮನೆಯಲ್ಲೂ ಅದೇ ದನಿ. ಆತನ ಕಿವಿಗೆ ಬಿದ್ದ ಮಾತು ಮುಂದಿನ ಟ್ರಿಪ್ಪಿಗೆ ಊರೆಲ್ಲ ಸುತ್ತಿ ಬರುತ್ತಿತ್ತು. ಮೂವತ್ತೊಂದು ವರ್ಷದ ಹಿಂದೆ ಭಾವ ಹೊಸ ಫ್ಯಾನು ಕೊಂಡರೆಂದು ತಿಳಿದಾಗ ಅಂಗಡಿಯ ಮುಂದೆ ನಿಂತು, "ಭಾವ, ನೀವು ಮುಳ್ಳು ತಿರುಗಿಸೋರು. ರೆಕ್ಕೆ ತಿರುಗಿಸೋದು ನಿಮ್ಮಿಂದ ಆಗೋ ಮಾತಲ್ಲ, ಯಾರನ್ನಾದ್ರೂ ಕರೀರಿ," ಎಂದು ನಾಲ್ಕು ಜನರ ಎದುರು ಕೂಗಿ ಹೋಗಿದ್ದರು. ಹೆಂಡತಿ ಆಗ ಎರಡು ವಾರದ ಮಟ್ಟಿಗೆ ತವರಿನಲ್ಲಿದ್ದರು. ವಾಚಿನವರು ಹಟ ಹಿಡಿದರು. ಏಣಿಯನ್ನು ತಬ್ಬಿಕೊಂಡೇ ಹತ್ತಿ, ಅರ್ಧ ದಿನದಲ್ಲಿ ಫ್ಯಾನನ್ನು ಕೊಕ್ಕೆಗೆ ತೂಗುಹಾಕಿ, ಸ್ವಿಚ್ ಹಾಕಿ ಕತ್ತೆತ್ತಿದರು. ಫ್ಯಾನು ತಿರುಗಿತು. ಆದರೆ ಕೆಳಗಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತಿತ್ತು.

ಹಿಂದಕ್ಕೆ ನಡೆಯುವ ಗಡಿಯಾರವನ್ನು ಯಾವ ರಿಪೇರಿಯವನು ತಾನೇ ಸುಮ್ಮನೆ ಬಿಟ್ಟಾನು? ಕಾರ್ಖಾನೆಯವರ ತಪ್ಪನ್ನು ತಿದ್ದಲು ಅವರು ಎರಡು ದಿನ ಊಟ ಮರೆತು ತಂತಿಗಳನ್ನು ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಮೂರನೆಯ ದಿನ ಫ್ಯಾನು ಗಡಿಯಾರದ ಹಾಗೆ ಎಡದಿಂದ ಬಲಕ್ಕೆ ಬಹು ಗಂಭೀರವಾಗಿ ತಿರುಗತೊಡಗಿತು. ಗಾಳಿ ಮಾತ್ರ ಬರಲಿಲ್ಲ. ಚಾವಣಿಯ ಮೂಲೆಯ ಜೇಡರ ಬಲೆ ಪಟಪಟನೆ ಬಡಿದುಕೊಂಡಿತು. ಕೆಳಗೆ ಕೂತ ವಾಚಿನವರ ಹಣೆಯಿಂದ ಬೆವರು ತೊಟ್ಟಿಕ್ಕಿತು.

ಹಿಂದಿನ ಬೀದಿಯ ಎಲೆಕ್ಟ್ರಿಷಿಯನ್ ಆಗಿನ್ನೂ ಮೀಸೆ ಚಿಗುರಿದ ಹುಡುಗ. ಗುಟ್ಟಾಗಿ ಕರೆಸಿದಾಗ ಬಂದು ನೋಡಿ, ಏಣಿಯ ಮೇಲೆಯೇ ಕೂತು ನಕ್ಕ. "ಸಾರ್, ಇದು ಗಡಿಯಾರ ಅಲ್ಲ. ಫ್ಯಾನು ಹಾಗೇ ತಿರುಗಬೇಕು. ನೀವು ಚಾವಣಿಗೆ ಗಾಳಿ ಬೀಸ್ತಿದೀರಿ." ಎಲ್ಲವನ್ನೂ ಇಳಿಸಿ, ಒಂದು ಗಂಟೆಯಲ್ಲಿ ಸರಿಮಾಡಿ ಹಾಕಿದ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಡಿಯಾರದ ಕಸುಬಿಗೆ ಒಂದು ಕಟ್ಟಳೆಯಿದೆ: ಯಾರ ಕೈ ಒಳಗೆ ಹೋಯಿತೋ ಅವನು ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತನ್ನ ಗುರುತನ್ನೂ ತಾರೀಖನ್ನೂ ಗೀರಬೇಕು. ಗಡಿಯಾರದ ಯಜಮಾನನಿಗೆ ಅದು ಕಾಣದು. ಮುಂದೆಂದೋ ತೆರೆಯುವ ಇನ್ನೊಬ್ಬ ಕಸುಬುದಾರನಿಗೆ ಕಾಣುತ್ತದೆ. ವಾಚಿನವರ ಗುರುತು ಒಂದು ಅರ್ಧಚಂದ್ರ, ಅದರೊಳಗೊಂದು ಚುಕ್ಕಿ. ಹೆಂಡತಿಗೆ ಸುಳ್ಳು ಹೇಳಲು ಅವರು ಸಿದ್ಧರಿದ್ದರು. ಫ್ಯಾನಿನ ಬಟ್ಟಲಿಗೆ ಸುಳ್ಳು ಹೇಳಲು ಸಿದ್ಧರಿರಲಿಲ್ಲ. ಕೊಕ್ಕೆಯನ್ನೂ ತಂತಿಯನ್ನೂ ಮುಚ್ಚುವ ಆ ಮೇಲಿನ ಬಟ್ಟಲನ್ನು ಏರಿಸುವ ಮುಂಚೆ ತಮ್ಮ ಸೂಜಿಯನ್ನೇ ಹುಡುಗನ ಕೈಗೆ ಕೊಟ್ಟು, "ಒಳಗೆ ನಿನ್ನ ಗುರುತು ಹಾಕು. ಮಾಡಿದವನ ಗುರುತಿಲ್ಲದ ಕೆಲಸ ಅನಾಥ," ಎಂದಿದ್ದರು. ಹುಡುಗ ಉಬ್ಬಿಹೋಗಿ ಒಂದು ಮಿಂಚಿನ ಗೆರೆ ಎಳೆದು, ಕೆಳಗೆ ತಾರೀಖು ಗೀರಿದ್ದ.

ಆ ಮಿಂಚು ಮೂವತ್ತೊಂದು ವರ್ಷದಿಂದ ಅವರ ತಲೆಯ ಮೇಲೆ ತೂಗುತ್ತಿತ್ತು. ಮನೆಗೆ ಬಂದವರಿಗೆಲ್ಲ, "ನಾನೇ ಹಾಕಿದ್ದು. ಇವತ್ತಿನವರೆಗೆ ಒಂದು ತೊಟ್ಟು ಎಣ್ಣೆ ಕೇಳಿಲ್ಲ," ಎಂದು ಹೇಳುವಾಗ ಅವರ ಕಣ್ಣು ತಾನಾಗಿ ಬಟ್ಟಲಿನ ಕಡೆಗೆ ಹೋಗುತ್ತಿತ್ತು. ಹೆಂಡತಿ ಪ್ರತಿ ಸಲ ತಲೆಯಾಡಿಸುತ್ತಿದ್ದರು. ಈಗ ಭಾವಮೈದುನನ ಕೈಗೆ ಆ ಬಟ್ಟಲು ಸಿಕ್ಕರೆ? ಎಲೆಕ್ಟ್ರಿಷಿಯನ್ನನ ಬೋರ್ಡಿನ ಮೇಲೂ ಅದೇ ಮಿಂಚಿನ ಗೆರೆ; ಊರಿಗೆಲ್ಲ ಅದರ ಪರಿಚಯ. ಆ ಬೋರ್ಡಿನವನನ್ನು ಒಂದು ಮಾತು ಕೇಳಿದರೆ ಸಾಕು, 'ಫ್ಯಾನನ್ನು ಗಡಿಯಾರದ ಹಾಗೆ ತಿರುಗಿಸಿದ ಗಡಿಯಾರದವರು' ಎಂಬ ಕತೆ ಸಂಜೆಯೊಳಗೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಇಲ್ಲದೆ ಓಡಾಡುತ್ತಿತ್ತು.

ಉಪಾಯ ಸರಳವಾಗಿತ್ತು. ಬಟ್ಟಲನ್ನು ಕೆಳಗೆ ಸರಿಸಿದಾಗ ಅದರ ಬಾಯಿ ಮೇಲ್ಮುಖವಾಗಿರುತ್ತದೆ. ಒಳಮೈ ಏಣಿಯ ಮೇಲಿದ್ದವನಿಗೆ ಮಾತ್ರ ಕಾಣುತ್ತದೆ. ವಾಚಿನವರು ಹಳೆಯ ಪೆಟ್ಟಿಗೆಯಿಂದ ಬೆರಳುದ್ದದ ಒಂದು ಅರ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಎರಡು ನಿಮಿಷ ಉಜ್ಜಿದರೆ ಮಿಂಚು ಮಾಯ. ಇನ್ನೊಬ್ಬನ ಗುರುತನ್ನು ಕೆರೆದವನು ಕಳ್ಳನಿಗಿಂತ ಕಡೆ ಎಂದು ಕಸುಬು ಕಲಿಸಿದ ಗುರುಗಳು ಹೇಳಿದ್ದು ನೆನಪಾಯಿತು. ನೆನಪನ್ನೂ ಅರದ ಜೊತೆಗೆ ಜೇಬಿಗೆ ತಳ್ಳಿದರು.

ಹತ್ತು ಗಂಟೆಗೆ ಕಂಡಕ್ಟರು ಬಂದರು. ನಿವೃತ್ತರಾಗಿ ಮೂರು ವರ್ಷವಾಗಿದ್ದರೂ ಏಣಿಯನ್ನು ಬಾಗಿಲಿನಿಂದ ಒಳಗೆ ತರುವಾಗ ಬಸ್ಸನ್ನು ಡಿಪೋಗೆ ಹಾಕುವ ಹಾಗೆಯೇ ಕೂಗು.

"ಬರ್ಲಿ, ಬರ್ಲಿ, ಬರ್ಲಿ… ಎಡಕ್ಕೆ ಸ್ವಲ್ಪ… ಹೋಲ್ಡಾನ್! ಅಕ್ಕಾ, ಆ ಕುರ್ಚಿ ತೆಗಿ. ಎಲ್ಲಿ ಭಾವ? ನೀವು ಪಕ್ಕಕ್ಕೆ ನಿಂತ್ಕೊಳ್ಳಿ, ಹತ್ತೇ ನಿಮಿಷ."

"ಹತ್ತುವವನು ನಾನು," ಎಂದರು ವಾಚಿನವರು.

ಕಂಡಕ್ಟರು ಅಕ್ಕನ ಮುಖ ನೋಡಿದರು. "ಇದೇನಕ್ಕಾ? ಡ್ರೈವರ್ ಇರುವಾಗ ಪ್ಯಾಸೆಂಜರ್ ಸ್ಟಿಯರಿಂಗ್ ಹಿಡೀತಿದಾರೆ?"

"ಹಾಕಿದೋರು ಅವರೇ ಅಲ್ವೇನೋ. ಇಳಿಸ್ಲಿ ಬಿಡು. ನೀನು ಬಾಯಿ ಮುಚ್ಚಿ ಏಣಿ ಹಿಡ್ಕೋ."

ವಾಚಿನವರು ಮೊದಲು ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿದರು. ಅದರ ಮೇಲೆ ಬಾಟಲಿಗಳ ಒಂಬತ್ತು ಮುಚ್ಚಳಗಳನ್ನು ಮೂರರ ಮೂರು ಸಾಲಾಗಿ ಇಟ್ಟರು; ರೆಕ್ಕೆಗೆ ಮೂರರಂತೆ ಒಂಬತ್ತು ಸ್ಕ್ರೂ, ಪ್ರತಿಯೊಂದಕ್ಕೂ ಅದರದರ ಮನೆ.

"ಗುಜರಿಗೆ ಹೋಗೋ ಫ್ಯಾನಿಗೆ ಸ್ಕ್ರೂಗೊಂದು ರಿಸರ್ವೇಶನ್ ಸೀಟಾ ಭಾವ?"

"ಕೆಲಸಕ್ಕೊಂದು ಕ್ರಮ ಇರುತ್ತಪ್ಪಾ."

ಮೇನ್ ಸ್ವಿಚ್ಚನ್ನು ಆರಿಸಿ, ಆರಿದೆಯೇ ಎಂದು ಮೂರು ಸಲ ಹೋಗಿ ನೋಡಿ ಬಂದು, ಅವರು ಏಣಿಯ ಮೇಲೆ ಕಾಲಿಟ್ಟರು. ಮೊದಲ ಮೂರು ಮೆಟ್ಟಿಲು ಹೇಗೋ ಕಳೆದವು. ನಾಲ್ಕನೆಯದರಲ್ಲಿ ನಿಂತು ಉಸಿರೆಳೆದುಕೊಂಡರು. ಐದನೆಯದರಲ್ಲಿ ಕಣ್ಣು ಮುಚ್ಚಿದರು.

"ಎಕ್ಸ್‌ಪ್ರೆಸ್ ಅಂದ್ಕೊಂಡಿದ್ದೆ," ಕೆಳಗಿನಿಂದ ಕಂಡಕ್ಟರ ದನಿ. "ಇದು ಊರೂರಿಗೆ ನಿಲ್ಲೋ ಶಟ್ಲ್."

"ಏಣಿ ಅಲುಗುತ್ತಿದೆ. ಸರಿಯಾಗಿ ಹಿಡಿ."

"ಅಲುಗ್ತಿರೋದು ಏಣಿ ಅಲ್ಲ ಭಾವ, ನೀವು."

ಕಣ್ಣು ತೆರೆದಾಗ ಫ್ಯಾನು ಎದೆಯ ಎದುರಿಗಿತ್ತು. ವಿಚಿತ್ರವೆಂದರೆ, ಸ್ಕ್ರೂ ಡ್ರೈವರು ಮೊದಲ ಸ್ಕ್ರೂವಿನ ಗೀರಿಗೆ ಕೂತ ಕ್ಷಣ ಕೈಯ ನಡುಕ ನಿಂತಿತು. ಕಾಲು ನಡುಗುತ್ತಲೇ ಇತ್ತು. ಕೈಗೂ ಕಾಲಿಗೂ ಸಂಬಂಧವೇ ಇಲ್ಲದ ಹಾಗೆ. ಕಂಡಕ್ಟರು ಒಂದೊಂದು ರೆಕ್ಕೆ ಕೆಳಗೆ ಬಂದಾಗಲೂ ಇಸಿದುಕೊಂಡು, "ಒಂದು ರೆಕ್ಕೆ ಇಳೀತು, ರೈಟ್ ರೈಟ್!" ಎಂದು ಕೂಗುತ್ತಿದ್ದರು. ಒಂಬತ್ತು ಸ್ಕ್ರೂಗಳೂ ತಮ್ಮ ತಮ್ಮ ಮುಚ್ಚಳ ಸೇರಿದವು.

ಇನ್ನು ಬಟ್ಟಲು. ವಾಚಿನವರು ಅದರ ಪಕ್ಕದ ತಿರುಪನ್ನು ಸಡಿಲಿಸಿದರು. ಬಟ್ಟಲು ರಾಡಿನ ಮೇಲೆ ಮೆಲ್ಲಗೆ ಜಾರಿ ಬಂದು ಅವರ ಗದ್ದದ ಕೆಳಗೆ ಬಾಯಿ ತೆರೆದು ನಿಂತಿತು. ಎಡಗೈ ಜೇಬಿನಿಂದ ಅರವನ್ನು ತೆಗೆಯಿತು. ಅವರು ಬಗ್ಗಿ ನೋಡಿದರು.

ಮಿಂಚಿನ ಗೆರೆ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಮಿಂಚು. ಅದರಾಚೆ ಮತ್ತೊಂದು. ಬಟ್ಟಲಿನ ಒಳಮೈಯ ಸುತ್ತ, ಗಡಿಯಾರದ ಮುಖದ ಮೇಲಿನ ಅಂಕಿಗಳ ಹಾಗೆ, ಮಿಂಚುಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ಕೆಳಗೂ ಒಂದು ತಾರೀಖು. ಎರಡನೆಯದು ಫ್ಯಾನು ಹಾಕಿದ ಎಂಟೇ ತಿಂಗಳಿಗೆ. ಕೊನೆಯದು ಹೋದ ವರ್ಷದ್ದು. ಮೊದಲಿನವು ಚೂರಿಯಿಂದ ಕೊಯ್ದ ಹಾಗೆ ಚೂಪು. ಕೊನೆಯ ಎರಡರಲ್ಲಿ ಗೆರೆ ಅಲುಗಿತ್ತು. ಗೀರನ್ನು ನೋಡಿ ಕೈಯ ವಯಸ್ಸು ಹೇಳಬಲ್ಲವರು ವಾಚಿನವರು. ತಮ್ಮ ಮನೆಯ ಚಾವಣಿಯಲ್ಲಿ, ತಮಗೆ ತಿಳಿಯದಂತೆ, ಒಬ್ಬ ಹುಡುಗನಿಗೆ ವಯಸ್ಸಾಗಿತ್ತು.

ಒಂದು ತೊಟ್ಟು ಎಣ್ಣೆ ಕೇಳದ ಫ್ಯಾನು!

"ಏನು ಭಾವ, ರೋಡ್ ಬ್ಲಾಕಾ?" ಎಂದರು ಕಂಡಕ್ಟರು.

ವಾಚಿನವರು ಕೆಳಗೆ ನೋಡಿದರು. ಏಣಿಯ ಇನ್ನೊಂದು ಕಾಲನ್ನು ಹಿಡಿದು ನಿಂತಿದ್ದ ಹೆಂಡತಿ ಆಗಲೇ ಮೇಲೆ ನೋಡುತ್ತಿದ್ದರು. ಆ ಮುಖದಲ್ಲಿ ಗಾಬರಿಯಿರಲಿಲ್ಲ, ಕುತೂಹಲವೂ ಇರಲಿಲ್ಲ. ಕುಕ್ಕರಿನ ಕೂಗು ಎಣಿಸುವಾಗಿನ ಶಾಂತಿಯಿತ್ತು.

"ಎಣಿಸಿದ್ರಾ?" ಎಂದರು ಆಕೆ. "ಹನ್ನೊಂದಿರಬೇಕು."

"ಏನು ಹನ್ನೊಂದು?" ಕಂಡಕ್ಟರ ಕಿವಿ ನಿಮಿರಿತು.

ಹೆಂಡತಿ ರೆಪ್ಪೆ ಬಡಿಯಲಿಲ್ಲ. "ಸ್ಕ್ರೂ."

ಮೂವತ್ತು ವರ್ಷ ತಲೆ ಎಣಿಸಿ ಅನ್ನ ತಿಂದ ಮನುಷ್ಯ ಮೇಜಿನತ್ತ ತಿರುಗಿದರು. "ಇಲ್ಲಿ ಒಂಬತ್ತೇ ಇದಾವಲ್ಲಕ್ಕಾ."

"ಹಂಗಾದ್ರೆ ಎರಡು ಎಲ್ಲೋ ಬಿದ್ದಿದಾವೆ. ಸೋಫಾ ಕೆಳಗೆ ನೋಡು. ಕಾಲಿಗೆ ಚುಚ್ಚಿದ್ರೆ ಕಷ್ಟ."

"ಬಿದ್ದ ಸದ್ದೇ ಬರ್ಲಿಲ್ವಲ್ಲ?"

"ನೀನು ಕೂಗ್ತಾ ಇದ್ರೆ ಚಾವಣಿ ಬಿದ್ರೂ ಸದ್ದು ಕೇಳಲ್ಲ ಕಣೋ. ನೋಡು ಅಂದ್ರೆ ನೋಡು."

ಕಂಡಕ್ಟರು ಮಂಡಿಯೂರಿ, ಮೊಬೈಲಿನ ಬೆಳಕು ಹಿಡಿದು, ತಲೆಯನ್ನೂ ಹೆಗಲನ್ನೂ ಸೋಫಾದ ಕೆಳಗೆ ತೂರಿಸಿದರು. ಹೊರಗೆ ಉಳಿದದ್ದು ದೇಹದ ಹಿಂಭಾಗ, ಅದಕ್ಕೆ ಕಣ್ಣಿರಲಿಲ್ಲ. ಹೆಂಡತಿ ದನಿ ತಗ್ಗಿಸಿದರು.

"ಅರ ಜೇಬಿಗೆ ಹಾಕಿ."

ವಾಚಿನವರು ಹಾಕಿದರು.

"ತಗೊಳ್ಳಿ ಈ ಒರೆಸೋ ಬಟ್ಟೆ. ಬಟ್ಟಲಿನೊಳಗೆ ತುರುಕಿ, ಗಟ್ಟಿಯಾಗಿ."

ತುರುಕಿದರು. ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದರೆ ಮಗುವಿನ ಹಾಗೆಯೇ ಕೇಳುವುದು ಬಿಟ್ಟು ಅವರಿಗೆ ಆಗ ಬೇರೆ ಬುದ್ಧಿಯಿರಲಿಲ್ಲ. ತಂತಿ ಬಿಚ್ಚಿದರು, ಪಿನ್ನು ಎಳೆದರು. ಬೋಲ್ಟು ತೆಗೆಯುವ ಮುಂಚೆ ಕಂಡಕ್ಟರನ್ನು ಸೋಫಾದ ಕೆಳಗಿನಿಂದ ಕರೆಯಬೇಕಾಯಿತು. ಕೂದಲಿಗೆಲ್ಲ ಧೂಳು ಮೆತ್ತಿಕೊಂಡು ಬಂದ ಆತ ಸ್ಟೂಲಿನ ಮೇಲೆ ನಿಂತು ಮೋಟಾರನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ಬಟ್ಟಲು ಸರಿಯಾಗಿ ಅವರ ಮೂಗಿನ ಕೆಳಗಿತ್ತು.

"ಇದೇನು, ಬಟ್ಟಲಿಗೆ ಬಟ್ಟೆ?"

"ಧೂಳು," ಎಂದರು ಗಂಡ ಹೆಂಡತಿ ಒಟ್ಟಿಗೆ.

ಬೋಲ್ಟು ಬಂತು. ಫ್ಯಾನು ಕೊಕ್ಕೆಯನ್ನು ಬಿಟ್ಟು ಕಂಡಕ್ಟರ ತೋಳಿಗೆ ಒರಗಿತು. ಚಾವಣಿಯಲ್ಲಿ ಕೊಕ್ಕೆಯೊಂದೇ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಹಾಗೆ, ಬಾಗಿಕೊಂಡು ಉಳಿಯಿತು. ವಾಚಿನವರು ಐದು ಮೆಟ್ಟಿಲುಗಳನ್ನೂ ಹಿಮ್ಮುಖವಾಗಿ ಇಳಿದು ನೆಲ ಮುಟ್ಟಿದಾಗ ಹೆಂಡತಿ ರಾಡಿನಿಂದ ಬಟ್ಟಲನ್ನು ಬಿಡಿಸಿಕೊಂಡು, "ಇದು ನನಗೆ ಬೇಕು, ಗಿಡಕ್ಕೆ," ಎಂದು ಹಿತ್ತಿಲಿಗೆ ಒಯ್ದಾಗಿತ್ತು.

ಕಂಡಕ್ಟರಿಗೆ ಬಟ್ಟಲಿನ ಗೊಡವೆಯಿರಲಿಲ್ಲ. ಅವರ ತಲೆ ಬೇರೆ ಲೆಕ್ಕದಲ್ಲಿ ಸಿಕ್ಕಿಕೊಂಡಿತ್ತು. ಮೋಟಾರಿನ ಸುತ್ತ ಬೆರಳಾಡಿಸಿ, ಸ್ಕ್ರೂವಿನದೋ ಗಾಳಿಯದೋ ಎಂದು ನೋಡದೆ ಸಿಕ್ಕ ತೂತುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ, ಮೆಲ್ಲಗೆ ಎದ್ದು ನಿಂತರು.

"ಭಾವ, ಸೋಫಾ ಕೆಳಗೆ ಇಲ್ಲ. ಚಾಪೆ ಕೆಳಗೂ ಇಲ್ಲ. ನನಗೆ ಅರ್ಥ ಆಯ್ತು."

ವಾಚಿನವರ ಕೈ ಅರವಿದ್ದ ಜೇಬಿನ ಮೇಲೆ ಹೋಯಿತು. "ಏನು ಅರ್ಥ ಆಯ್ತು?"

"ಆ ಎರಡು ಸ್ಕ್ರೂ ನೀವು ಹಾಕೇ ಇಲ್ಲ! ಮೂವತ್ತೊಂದು ವರ್ಷ ಎರಡು ಸ್ಕ್ರೂ ಕಡಿಮೆ ಇರೋ ಫ್ಯಾನನ್ನ ನಮ್ಮಕ್ಕನ ತಲೆ ಮೇಲೆ ತಿರುಗಿಸಿದೀರಿ!" ದನಿ ಗೇಟು ದಾಟಿ ಬೀದಿಗೆ ಹೋಗುತ್ತಿತ್ತು. "ಇಲ್ಲೇ ಕೆಳಗೆ ಕೂತು ಎಷ್ಟು ಸಲ ಊಟ ಮಾಡಿದೀನಿ ನಾನು! ಇರಿ, ಹೊಸ ಫ್ಯಾನ್ ತರ್ತೀನಿ. ಅದನ್ನ ಮಾತ್ರ ನೀವು ಹಾಕಬೇಡಿ, ಕೈ ಮುಗೀತೀನಿ."

ಆತ ಹೋದ ಮೇಲೆ ಮನೆ ಒಮ್ಮೆಲೇ ದೊಡ್ಡದಾದಂತಾಯಿತು. ವಾಚಿನವರು ಹಿತ್ತಿಲ ಮೆಟ್ಟಿಲಿಗೆ ಬಂದರು. ಹೆಂಡತಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ಒಳಗಿನ ಜಿಡ್ಡನ್ನು ಸಾವಕಾಶವಾಗಿ ಒರೆಸುತ್ತಿದ್ದರು. ಗಂಡ ಪಕ್ಕದಲ್ಲಿ ಕೂತರು.

"ಯಾವಾಗಿನಿಂದ ಗೊತ್ತು?"

"ಎಂಟನೇ ತಿಂಗಳಿಂದ. ಕಿರ್ ಕಿರ್ ಅಂತಿತ್ತು. ನೀವು ಅಂಗಡಿಗೆ ಹೋಗಿದ್ರಿ. ಆ ಹುಡುಗನ್ನ ಕರೆಸಿದೆ, ಬಟ್ಟಲು ಇಳಿಸಿದ. ಇದೇನಪ್ಪಾ ಗೀರಿದೆ ಅಂದೆ. ಪಾಪ, ಬೆವೆತುಹೋದ. ಮಾತು ಕೊಟ್ಟಿದೀನಿ ಅಮ್ಮಾ, ಏನೂ ಕೇಳಬೇಡಿ ಅಂದ." ಆಕೆ ಬಟ್ಟಲನ್ನು ತಿರುಗಿಸಿದರು. "ನಾನೇನೂ ಕೇಳಲಿಲ್ಲ. ಎರಡು ಲೋಟ ಕಾಫಿ ಕೊಟ್ಟೆ. ಎರಡನೇ ಲೋಟಕ್ಕೆ ಎಲ್ಲಾ ಹೇಳ್ದ."

"ಎಲ್ಲಾ?"

"ಗಾಳಿ ಮೇಲಕ್ಕೆ ಹೋಗ್ತಿತ್ತಂತಲ್ಲ!"

ಮೂವತ್ತು ವರ್ಷ ಬಿಗಿಹಿಡಿದಿದ್ದ ನಗು ಹೊರಬಿದ್ದಾಗ ಆಕೆಗೆ ಕೂತಲ್ಲಿ ಕೂರಲಾಗಲಿಲ್ಲ. ಬಟ್ಟಲನ್ನು ಗಂಡನ ಕೈಗೆ ಕೊಟ್ಟು ಗೋಡೆಗೆ ಒರಗಿದರು. ವಾಚಿನವರು ಗಂಭೀರವಾಗಿರಲು ಪ್ರಯತ್ನಿಸಿದರು. ತುಟಿಯ ಒಂದು ಮೂಲೆ ಅವರ ಮಾತು ಕೇಳಲಿಲ್ಲ.

"ಮತ್ತೆ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ಏನಾಗ್ತಿತ್ತು ಗೊತ್ತಾ? ನನ್ನ ಫ್ಯಾನು ನನ್ನ ಫ್ಯಾನು ಅಂತ ಪ್ರತಿ ಭಾನುವಾರ ಉದ್ದ ಕೋಲಿನ ಬ್ರಶ್ ಹಿಡ್ಕೊಂಡು ರೆಕ್ಕೆ ಒರೆಸ್ತಿದ್ರಿ. ಈ ಮನೇಲಿ ನೀವು ಕೈಯಾರೆ ಮಾಡ್ತಿದ್ದ ಕೆಲಸ ಅಂದ್ರೆ ಅದೊಂದೇ. ಅದನ್ನೂ ಯಾಕೆ ಕಳ್ಕೊಳ್ಳಿ ಅಂತ ಸುಮ್ಮನಿದ್ದೆ."

ವಾಚಿನವರು ಎದ್ದರು. ಒಳಗೆ ಹೋಗಿ ಪೆಟ್ಟಿಗೆಯಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನೂ ಗೀರುವ ಸೂಜಿಯನ್ನೂ ತಂದರು. ಹನ್ನೊಂದನೆಯ ಮಿಂಚಿಗೂ ಮೊದಲನೆಯದಕ್ಕೂ ನಡುವೆ ಹೆಬ್ಬೆರಳಿನಷ್ಟು ಜಾಗ ಖಾಲಿಯಿತ್ತು. ಅಲ್ಲಿ ಒಂದು ಅರ್ಧಚಂದ್ರ, ಅದರೊಳಗೊಂದು ಚುಕ್ಕಿ, ಕೆಳಗೆ ಇವತ್ತಿನ ತಾರೀಖು ಗೀರಿದರು.

"ಏನದು?"

"ಇಳಿಸಿದವನ ಗುರುತು. ಇದೊಂದು ನಿಜವಾಗಿ ನನ್ನ ಕೆಲಸ."

"ಏಣಿ ಹಿಡಿದವಳದ್ದು?"

ಸೂಜಿ ನಿಂತಿತು. ಊರಿನ ಎಷ್ಟೋ ಜನರ ಗಡಿಯಾರಗಳಲ್ಲಿ ಎಷ್ಟೋ ಕಸುಬುದಾರರ ಗುರುತುಗಳನ್ನು ಓದಿದ್ದವರಿಗೆ ಪಕ್ಕದಲ್ಲಿ ಕೂತವಳಿಗೆ ಒಂದು ಗುರುತು ಬೇಕಾದೀತೆಂದು ಹೊಳೆದೇ ಇರಲಿಲ್ಲ.

"ಏನು ಹಾಕಲಿ?"

"ಏಣೀನೇ ಹಾಕಿ. ಎರಡು ನೇರ ಗೆರೆ, ನಡುವೆ ಮೆಟ್ಟಿಲು."

"ಎಷ್ಟು ಮೆಟ್ಟಿಲು?"

"ಐದು. ನೀವು ಕಣ್ಣು ಮುಚ್ಕೊಂಡ್ರಲ್ಲ, ಅಲ್ಲಿವರೆಗೆ ಸಾಕು."

ಅವರು ಐದು ಮೆಟ್ಟಿಲುಗಳನ್ನು ಒಂದೊಂದಾಗಿ, ಉಸಿರು ಬಿಗಿಹಿಡಿದು, ಗೀರಿದರು. "ಹೊಸದನ್ನ ಹಾಕೋಕೆ ಅವನನ್ನೇ ಕರೀತೀನಿ. ಈ ಸಲ ಮುಂದಿನ ಬಾಗಿಲಿನಿಂದ."

"ಅವನು ಈಗ ಏಣಿ ಹತ್ತಲ್ಲ ರೀ. ಮಂಡಿನೋವು. ಮಗಳು ಬರ್ತಾಳೆ, ಕೈ ಚುರುಕು. ಸೂಜಿ ಕೊಡೋದು ಮರೀಬೇಡಿ."

ಬೀದಿಯ ತಿರುವಿನಲ್ಲಿ ಪರಿಚಿತ ದನಿ ಕೇಳಿಸಿತು. ಹೆಂಡತಿ ಬಟ್ಟಲನ್ನು ಇಸಿದುಕೊಂಡು ಮೆಟ್ಟಿಲ ಪಕ್ಕದ ಹೂಕುಂಡದ ಹಿಂದೆ ಬೋರಲು ಹಾಕಿದರು. ಡಬ್ಬವನ್ನು ಹೆಗಲ ಮೇಲೆ ಹೊತ್ತ ಕಂಡಕ್ಟರು ಗೇಟಿನಿಂದಲೇ ಕೂಗಿದರು.

"ಭಾವಾ! ದಾರೀಲಿ ನಾಲ್ಕು ಜನಕ್ಕೆ ಹೇಳ್ದೆ, ಎರಡು ಸ್ಕ್ರೂ ವಿಷಯ! ನಗ್ತಾ ಇದಾರೆ ಎಲ್ಲರೂ!"

"ಹೇಳಪ್ಪಾ, ಹೇಳು," ಎಂದರು ವಾಚಿನವರು, ಎದ್ದು ಮುಂದೆ ಬಂದು ಗೇಟು ತೆರೆಯುತ್ತ. "ಹಾಕಿದವನು ನಾನೇ ತಾನೇ."

ಹಿಂದಿನಿಂದ ಹೆಂಡತಿ ಕೆಮ್ಮಿದ್ದು ಕೇಳಿಸಿತು.